ಕಾಗದ ಕೆಮ್ಮುವುದಿಲ್ಲ

ಸೂಲೂರು
೧೨ ಜೂನ್ ೨೦೨೩

ಸುಪ್ಪಿ ಅಕ್ಕ,

ಉಭಯ ಕುಶಲೋಪರಿ ಎಂದು ಶುರು ಮಾಡುವುದು ಕ್ರಮ. ಆದರೆ ಉಭಯರಲ್ಲಿ ಒಬ್ಬನ ಕುಶಲ ಮಾತ್ರ ನನಗೆ ಗೊತ್ತಿರುವುದರಿಂದ ಇದನ್ನು ಅರ್ಧ ಕುಶಲೋಪರಿ ಎಂದಿಟ್ಟುಕೋ. ಉಳಿದರ್ಧವನ್ನು ಅರಸೀಕೆರೆಯಿಂದ ಅಂಚೆಯಲ್ಲಿ ಕಳಿಸು.

ಹೌದು, ಅಂಚೆಯಲ್ಲೇ. ಇನ್ನು ಮೇಲೆ ನಾನು ಫೋನ್ ಮಾಡುವುದಿಲ್ಲ, ಕಾಗದ ಬರೆಯುತ್ತೇನೆ. ಮಿಲ್ಲಿನೊಳಗೆ ಫೋನ್ ಒಯ್ಯುವಂತಿಲ್ಲ, ಹೊರಗೆ ಬಂದರೆ ನೀನು ಶಾಲೆಯಲ್ಲಿರುತ್ತೀ. ಬಿ.ಎಸ್ಸಿ. ನನಗೆ ಕೆಲಸ ಕೊಡಿಸಿತು, ಕನ್ನಡ ಎಂ.ಎ. ಏನನ್ನೂ ಕೊಡಿಸಲಿಲ್ಲ. ಅದರ ಸೇಡನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತೇನೆ.

ಕೆಲಸ ಏನೆಂದರೆ ನೂಲು ನೋಡುವುದು. ನೂಲಿನ ದಪ್ಪ, ಬಲ, ಹುರಿ ಎಲ್ಲ ನೋಡಿ ಗುಣ ಹೇಳಬೇಕು. ನನ್ನ ಗುಣ ಹೇಳುವವರು ಇಲ್ಲಿ ಯಾರೂ ಇಲ್ಲದಿರುವುದರಿಂದ ಸುಖವಾಗಿದ್ದೇನೆ. ಮಿಲ್ಲಿನ ಕಿಟಕಿಗಳನ್ನು ಕಟ್ಟಿದಾಗಿನಿಂದ ತೆರೆದಿಲ್ಲವಂತೆ. ಹೊರಗಿನ ಒಣಗಾಳಿ ತಾಕಿದರೆ ಎಳೆ ಕಡಿಯುತ್ತದೆ. ಅದಕ್ಕೆ ಒಳಗೆ ಸದಾ ನೀರಿನ ಮಂಜು ಊದುತ್ತಾರೆ. ಆ ಮಂಜಿನಲ್ಲಿ ಹತ್ತಿಯ ನಯವಾದ ಧೂಳು ತೇಲುತ್ತಿರುತ್ತದೆ. ಇಲ್ಲಿನವರು ಅದನ್ನು ಪಂಜು ಅನ್ನುತ್ತಾರೆ. ಹತ್ತಿಯ ಹತ್ತಿರ ಹೋದವರಿಗೆಲ್ಲ ಹತ್ತಿ ಹತ್ತಿಕೊಳ್ಳುತ್ತದೆ. ಸಂಜೆ ಹೊರಬರುವಾಗ ನಮ್ಮೆಲ್ಲರ ಹುಬ್ಬೂ ನರೆತಿರುತ್ತದೆ. ಗೇಟಿನಲ್ಲಿ ಒಬ್ಬೊಬ್ಬರಿಗೂ ಒಂದು ಚೂರು ಬೆಲ್ಲ ಕೊಡುತ್ತಾರೆ. ಅದು ಗಂಟಲಿನ ಪಂಜನ್ನು ಸವರಿಕೊಂಡು ಹೊಟ್ಟೆಗೆ ಹೋಗುತ್ತದೆ ಎಂದು ನಂಬಿಕೆ. ಈ ಅಚ್ಚುಬೆಲ್ಲ ನನಗೀಗ ಅಚ್ಚುಮೆಚ್ಚು.

ವಾಸಕ್ಕೆ ಒಂದು ಕನ್ನಡದ ಮನೆಯೇ ಸಿಕ್ಕಿದೆ. ಇವರ ಪೂರ್ವಿಕರು ಯಾವಾಗಲೋ ಬಂದು ಇಲ್ಲಿ ಹೊಲ ಮಾಡಿದವರು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಮನೆಯ ಯಜಮಾನಿ ಮುತ್ತಮ್ಮಾಳ್ ಅಜ್ಜಿ ವಯಸ್ಸಿದ್ದಾಗ ಪೂರ್ತಿ ಮಿಲ್ಲಿನಲ್ಲೇ ದುಡಿದವಳು. ಮಗ ಸೆಂದಿಲ್ ಕುಮಾರ್ ಮನೆಯ ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುತ್ತಾನೆ. ಸೊಸೆ ಸತ್ಯಾ ಬೆಳಿಗ್ಗೆ ಕಂಪನಿ ವ್ಯಾನು ಹತ್ತಿ ತಿರುಪ್ಪೂರಿಗೆ ಬನಿಯನ್ ಹೊಲಿಯಲು ಹೋದರೆ ಬರುವುದು ಕತ್ತಲಾದ ಮೇಲೆ. ಅವರ ಮಗಳು ಧರಣಿಗೆ ನಾಲ್ಕು ವರ್ಷ. ಇವಳಿಗೆ ಅ ಆ ಇ ಈ ಹೇಳಿಕೊಡು ಎಂದು ಅಜ್ಜಿ ಮೊಮ್ಮಗಳನ್ನು ನನ್ನ ರೂಮಿಗೆ ದಬ್ಬಿದ್ದಾಳೆ. “ನಮ್ಮ ಮಾತಿಗೂ ಎಳುತ್ತು ಇದೆ ಅಂತ ಇವಳಾದ್ರೂ ತಿಳಕಳ್ಳಿ ಸಾಮಿ” ಅಂದಳು. ಎಳುತ್ತು ಅಂದರೆ ಅಕ್ಷರ. ಹೀಗೆ ನನ್ನ ಎಂ.ಎ.ಗೂ ಒಬ್ಬಳು ವಿದ್ಯಾರ್ಥಿನಿ ಸಿಕ್ಕಳು.

ನಿನ್ನ ತಮ್ಮ
ಸೂರಜ್


ಅರಸೀಕೆರೆ
೯ ಜುಲೈ ೨೦೨೩

ಲೋ ಸೂರಿ,

ಕಾಗದ ಬಂತು. ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅಚ್ಚುಬೆಲ್ಲಕ್ಕೆ ನಕ್ಕಳು, ಧೂಳಿಗೆ ನಗಲಿಲ್ಲ. ಅಪ್ಪ ಹಿಟ್ಟಿನ ಗಿರಣಿಯ ಧೂಳು ಕುಡಿದು ಉಬ್ಬಸದಲ್ಲೇ ಹೋದದ್ದನ್ನು ಅವಳು ನೋಡಿದ್ದಾಳೆ. ನೀನು ಈ ಕೆಲಸಕ್ಕೆ ಹೊರಟಾಗ ನನಗೆ ಕೊಟ್ಟ ಮಾತು ನೆನಪಿರಲಿ. ಮೊದಲ ಕೆಮ್ಮು ಬಂದ ದಿನವೇ ಗಂಟುಮೂಟೆ ಕಟ್ಟಬೇಕು.

ಇನ್ನು ಫೋನಿನ ವಿಚಾರ. ನಿನ್ನ ಕಾರಣಗಳು ನೀನು ಕಾಲೇಜಿನಲ್ಲಿ ಹಾಜರಿಗೆ ಕೊಡುತ್ತಿದ್ದ ಕಾರಣಗಳಷ್ಟೇ ಗಟ್ಟಿಯಾಗಿವೆ. ಭಾನುವಾರ ನನಗೂ ರಜೆ, ನಿನಗೂ ರಜೆ. ಕೊನೆಯ ಸಲ ಮಾತಾಡುವಾಗ ಏನೋ ಸದ್ದು ಬಂತು, ಕೇಳಿದರೆ ಮಿಕ್ಸಿ ಅಂದೆ. ಒಲೆಯೇ ಇಲ್ಲದ ನಿನ್ನ ರೂಮಿಗೆ ಮಿಕ್ಸಿ ಎಲ್ಲಿಂದ ಬಂತು? ರೂಮಿನಲ್ಲಿ ಇನ್ನೊಬ್ಬರಿದ್ದಾರೆ ಎಂಬುದು ನನ್ನ ಊಹೆ. ಹುಡುಗಿಯ ಹೆಸರು ಬರೆದು ಕಳಿಸು. ತಮಿಳಿನವಳಾದರೂ ಅಡ್ಡಿಯಿಲ್ಲ. ಅಮ್ಮನನ್ನು ಒಪ್ಪಿಸುವ ಭಾರ ನನ್ನದು.

ಸುಪ್ರೀತಾ


ಸೂಲೂರು
೬ ಆಗಸ್ಟ್ ೨೦೨೩

ಪತ್ತೇದಾರಿ ಅಕ್ಕನವರಿಗೆ,

ಮಿಕ್ಸಿ ಮುತ್ತಮ್ಮಾಳ್ ಅಜ್ಜಿಯದು. ನನ್ನ ರೂಮಿಗೂ ಅವಳ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ. ಹುಡುಗಿಯ ಹೆಸರು ಬೇಕೇಬೇಕೆಂದರೆ ಬರೆದುಕೋ, ಇಲಕ್ಕಿಯಾ. ಲ್ಯಾಬಿನಲ್ಲಿ ನನ್ನ ಎದುರು ಕೂರುತ್ತಾಳೆ. ಮದುವೆಯಾಗಿ ಎರಡು ಮಕ್ಕಳಿವೆ. ಅಮ್ಮನನ್ನು ಒಪ್ಪಿಸುವ ಮೊದಲು ಅವಳ ಗಂಡನನ್ನು ಒಪ್ಪಿಸಬೇಕು.

ಕೆಮ್ಮಿನ ಬಗ್ಗೆ ಚಿಂತೆ ಬೇಡ. ಮಿಲ್ಲಿನಲ್ಲಿ ಎಲ್ಲರೂ ಕೆಮ್ಮುತ್ತಾರೆ, ನಾನೊಬ್ಬ ಕೆಮ್ಮುವುದಿಲ್ಲ. ಸೋಮವಾರ ಬೆಳಿಗ್ಗೆ ಒಳಗೆ ಕಾಲಿಟ್ಟರೆ ಸಂಗೀತ ಕಛೇರಿ. ಭಾನುವಾರದ ಬಿಡುವಿನ ಮೇಲೆ ಪಂಜು ಕುಡಿದರೆ ಎದೆ ಬಿಗಿಯುತ್ತದಂತೆ. ಒಬ್ಬ ಶ್ರುತಿ ಹಿಡಿದರೆ ಇನ್ನೊಬ್ಬ ತಾಳ ಹಾಕುತ್ತಾನೆ. ಅದನ್ನು ಇಲ್ಲಿ ಯಾರೂ ಕೆಮ್ಮು ಎಂದು ಕರೆಯುವುದಿಲ್ಲ, ಅದೊಂದು ಸಂಗತಿ. ತಮಿಳಿನಲ್ಲಿ ಕೆಮ್ಮಿಗೆ ಇರುಮಲ್ ಅನ್ನುತ್ತಾರೆ. ಇದಕ್ಕೆ ಮಾತ್ರ ಬರೀ ಪಂಜು. ಪಕ್ಕದವನು ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿ, ಉಸಿರು ತಿರುಗಿದ ಮೇಲೆ ‘ಪಂಜು’ ಎಂದು ನಕ್ಕರೆ ಮಾತು ಮುಗಿಯಿತು. ಮುತ್ತಮ್ಮಾಳ್ ಅಜ್ಜಿಗೆ ಅದು ದುಡಿದವರ ಗುರುತು. ಕೆಮ್ಮದ ಸೂಪರ್‌ವೈಸರುಗಳನ್ನು ಅವಳು ಇವತ್ತಿಗೂ ನಂಬುವುದಿಲ್ಲ.

ಇದು ಇಲ್ಲಿನವರ ಆಡಿ ತಿಂಗಳು, ಗಾಳಿಯ ಕಾಲ. ಪಾಲ್ಘಾಟ್ ಕಡೆಯಿಂದ ಬೀಸುವ ಗಾಳಿಗೆ ಬಸ್ಸಿಗೆ ಕಾಯುವವರ ಲುಂಗಿಗೂ ಜ್ಞಾನೋದಯವಾಗುತ್ತದೆ. ಆ ಗಾಳಿ ಸೆಂದಿಲ್‌ನ ಶೆಡ್ಡಿನ ಪಂಜನ್ನೆಲ್ಲ ನನ್ನ ರೂಮಿಗೇ ತುಂಬುವುದರಿಂದ ಕಿಟಕಿಗೆ ಗೋಣಿ ಹೊಡೆದು ಮುಚ್ಚಿದ್ದೇನೆ. ಒಳಗೆ ನಾನು, ಧರಣಿ ಮತ್ತು ವರ್ಣಮಾಲೆ. ‘ಋ’ ತನಕ ಬಂದಿದ್ದೇವೆ. ನನ್ನ ತೊಡೆಯ ಮೇಲೆ ಕುಳಿತೇ ಬರೆಯಬೇಕು, ಚಾಪೆ ಅವಳಿಗೆ ಅವಮಾನ. ನನ್ನ ಬೆಲ್ಲದ ಡಬ್ಬಿಯ ಉಸ್ತುವಾರಿಯೂ ಅವಳದೇ. ನನ್ನ ಗಂಟಲು ಕಟ್ಟಿದರೆ ಸಾಕು, ಓಡಿಹೋಗಿ ಒಂದು ಚೂರು ತಂದು ‘ಮಾಮಾ, ಪಂಜು’ ಎಂದು ಬಾಯಿಗೆ ತುರುಕುತ್ತಾಳೆ. ತಾನೂ ಒಂದು ತಿನ್ನುತ್ತಾಳೆ.

ಅಂಗಿಗಳು ಸಡಿಲವಾಗಿವೆ. ತಿರುಪ್ಪೂರಿನ ಅಳತೆಯೇ ದೊಡ್ಡದಿರಬೇಕು.

ಸೂರಜ್


ಅರಸೀಕೆರೆ
೧೭ ಸೆಪ್ಟೆಂಬರ್ ೨೦೨೩

ಸೂರಿ,

ನಾಳೆ ಗೌರಿ ಹಬ್ಬ. ನಿನ್ನ ಬಾಗಿನದ ಮಾತು ಈ ವರ್ಷವೂ ಗಾಳಿಗೆ ಹೋಯಿತು. ಹೋಗಲಿ, ದಸರೆಗೆ ಬಾ. ಬರಲೇಬೇಕು. ನಿನಗೆ ಎದುರಿಗೇ ಹೇಳುವ ವಿಷಯ ಒಂದಿದೆ. ನಿನ್ನ ಸೂಲೂರಿನ ಹೆಸರು ಓದಿದಾಗಲೆಲ್ಲ ಈಗ ನನಗೆ ನಗು ಬರುತ್ತದೆ. ಯಾಕೆಂದು ಬಂದಾಗ ಹೇಳುತ್ತೇನೆ.

ಮೊನ್ನೆ ಶಾಲೆಗೆ ಆರೋಗ್ಯ ಇಲಾಖೆಯವರು ಬಂದು ಕ್ಷಯದ ಬಗ್ಗೆ ಹೇಳಿಹೋದರು. ಕಾಯಿಲೆಯವರು ಕೆಮ್ಮಿದಾಗ ರೋಗಾಣು ಗಾಳಿಗೆ ಸೇರುತ್ತದಂತೆ. ಮುಚ್ಚಿದ ಕೋಣೆಯಲ್ಲಿ ಅದು ಗಂಟೆಗಟ್ಟಲೆ ತೇಲುತ್ತಿರುತ್ತದಂತೆ. ಎರಡು ವಾರ ದಾಟಿದ ಕೆಮ್ಮು ಯಾವುದಾದರೂ ಸರಿ, ಕಫ ಪರೀಕ್ಷೆ ಮಾಡಿಸಿ ಅಂದರು. ಅವರು ಹೋದದ್ದೇ ನನ್ನ ಏಳನೇ ಕ್ಲಾಸು ಒಂದು ವಾರ ಬೇಕೆಂದೇ ಕೆಮ್ಮಿತು. ನಿನ್ನ ಸೋಮವಾರದ ಕಛೇರಿ ನೆನಪಾಯಿತು. ಆ ವಿದ್ವಾಂಸರಿಗೆ ಇದನ್ನು ಹೇಳು.

ಅಂಗಿ ಸಡಿಲವಾದರೆ ಅಳತೆ ದೊಡ್ಡದಲ್ಲ, ಊಟ ಸಣ್ಣದು. ಆ ಅಜ್ಜಿಗೆ ನಾನು ಹೇಳಿದೆನೆಂದು ಹೇಳು.

ಸುಪ್ರೀತಾ


ಸೂಲೂರು
೧೫ ಅಕ್ಟೋಬರ್ ೨೦೨೩

ಅಕ್ಕ,

ದಸರೆಗೆ ಬರಲಾಗುವುದಿಲ್ಲ, ರಜೆ ಕೊಡಲಿಲ್ಲ. ಎರಡು ವಾರ ಕೆಮ್ಮಿದವರನ್ನೆಲ್ಲ ಪರೀಕ್ಷೆಗೆ ಕಳಿಸಿದರೆ ನಮ್ಮ ಮಿಲ್ಲಿನಲ್ಲಿ ಉಳಿಯುವುದು ಯಂತ್ರಗಳು ಮತ್ತು ಆಯುಧಪೂಜೆಯ ಕುಂಬಳಕಾಯಿ ಮಾತ್ರ. ಪಂಜು ಬೇರೆ, ನಿನ್ನ ಇಲಾಖೆಯ ಕೆಮ್ಮು ಬೇರೆ.

ಧರಣಿಗೆ ಮೈ ಸರಿಯಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ. ಊಟ ಬಿಟ್ಟಿದ್ದಾಳೆ, ಸಿಡುಕುತ್ತಾಳೆ. ‘ಕ’ಗೆ ಕೊಂಬು ಹಾಕಿಸಲು ಹೋದರೆ ನನಗೇ ಕೊಂಬು ತೋರಿಸುತ್ತಾಳೆ. ಕೊಯಮತ್ತೂರಿನ ಗಾಂಧಿಪುರಂನ ಮಕ್ಕಳ ಡಾಕ್ಟರಿಗೆ ತೋರಿಸಲು ಸತ್ಯಾ ರಜೆ ಹಾಕಿದಳು. ಅಜ್ಜಿಯೂ ನಾನೂ ಜೊತೆಗೆ ಹೋಗಿದ್ದೆವು. ಮನೆಯಲ್ಲಿ ಯಾರಿಗಾದರೂ ಬಹಳ ದಿನದ ಇರುಮಲ್ ಇದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆವು, ಮೂವರೂ ಒಂದೇ ಉಸಿರಿಗೆ. ಜ್ವರದ ಔಷಧಿ ಬರೆದು, ಇಳಿಯದಿದ್ದರೆ ಮತ್ತೆ ಬನ್ನಿ ಎಂದು ಕಳಿಸಿದರು.

ಹಬ್ಬದ ಶುಭಾಶಯ. ಎದುರಿಗೆ ಹೇಳುವ ವಿಷಯವನ್ನು ಕಾಗದದಲ್ಲೇ ಬರಿ.

ಸೂರಜ್


ಅರಸೀಕೆರೆ
೨೬ ಅಕ್ಟೋಬರ್ ೨೦೨೩

ಸೂರಿ,

ತಮಾಷೆ ಸಾಕು. ನಿನ್ನ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಮೊದಲಿನಿಂದ ಓದಿದೆ. ಮಿಕ್ಸಿ, ಸಡಿಲವಾದ ಅಂಗಿ, ಗಂಟಲು ಕಟ್ಟಿದರೆ ಬೆಲ್ಲ ತರುವ ಹುಡುಗಿ. ಒಂದೇ ಒಂದು ಪ್ರಶ್ನೆ. ಪಂಜು, ಕಛೇರಿ, ಸಂಗತಿ ಯಾವುದೂ ಬೇಡ, ಹೌದು ಅಥವಾ ಇಲ್ಲ ಅನ್ನು.

ನೀನು ಕೆಮ್ಮುತ್ತೀಯಾ?

ಫೋನ್ ಎತ್ತು.

ಸುಪ್ರೀತಾ


ಕೊಯಮತ್ತೂರು
೩ ಡಿಸೆಂಬರ್ ೨೦೨೩

ಅಕ್ಕ,

ಹೌದು.

ನಿನ್ನ ಕಾಗದ ಬಂದ ವಾರವೇ ಧರಣಿಗೆ ವಾಂತಿ ಶುರುವಾಯಿತು. ಕತ್ತು ಬಗ್ಗಿಸಲು ಆಗುತ್ತಿರಲಿಲ್ಲ. ಎತ್ತಿಕೊಂಡರೆ ಕಿರುಚುತ್ತಿದ್ದಳು, ಆಮೇಲೆ ಕಿರುಚುವುದನ್ನೂ ಬಿಟ್ಟಳು. ಇಲ್ಲಿಯ ದೊಡ್ಡ ಆಸ್ಪತ್ರೆಗೆ ತಂದೆವು. ಬೆನ್ನಿನಿಂದ ನೀರು ತೆಗೆದರು, ತಲೆಯ ಚಿತ್ರ ತೆಗೆದರು. ಕ್ಷಯ ಮಿದುಳಿನ ಪೊರೆಗೆ ಇಳಿದಿದೆ ಅಂದರು. ಹುಟ್ಟಿದಾಗ ಹಾಕಿಸಿದ ಲಸಿಕೆಯ ಗುರುತು ತೋಳಿನಲ್ಲಿದೆಯಲ್ಲ ಎಂದು ಸತ್ಯಾ ಮತ್ತೆ ಮತ್ತೆ ಆ ಗುರುತನ್ನೇ ಮುಟ್ಟಿ ತೋರಿಸುತ್ತಿದ್ದಳು. ಅದು ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ ಎಂದರಂತೆ.

ಇಷ್ಟು ಸಣ್ಣ ಮಗುವಿಗೆ ದೊಡ್ಡವರಿಂದಲೇ ಬರಬೇಕು, ಹತ್ತಿರದಲ್ಲಿ ಯಾರೋ ಕೆಮ್ಮುವವರು ಇರಲೇಬೇಕು ಎಂದು ಡಾಕ್ಟರು ನಮ್ಮನ್ನೆಲ್ಲ ವಾರ್ಡಿನ ಹೊರಗೆ ನಿಲ್ಲಿಸಿ ಕೇಳಿದರು. ಸೆಂದಿಲ್ ಇಲ್ಲ ಅಂದ. ಸತ್ಯಾ ಇಲ್ಲ ಅಂದಳು. ನಾನೂ ಇಲ್ಲವೆಂದು ತಲೆಯಾಡಿಸಿದೆ. ಆಡಿಸುತ್ತಿರುವಾಗಲೇ ಕೆಮ್ಮು ಬಂತು. ನಿಲ್ಲಿಸಲು ಆಗಲಿಲ್ಲ, ಗೋಡೆ ಹಿಡಿದುಕೊಂಡೆ. ಡಾಕ್ಟರು ನನ್ನನ್ನೇ ನೋಡುತ್ತ ನಿಂತರು. ಮುತ್ತಮ್ಮಾಳ್ ಅಜ್ಜಿ ನನ್ನ ಬೆನ್ನು ನೀವುತ್ತ, ಅವರಿಗೆ ಅರ್ಥವಾಗಲಿ ಎಂದು ತಮಿಳಿನಲ್ಲೇ ಬಿಡಿಸಿ ಹೇಳಿದಳು.

“ಅದು ಇರುಮಲ್ ಇಲ್ಲೀಂಗ. ಪಂಜು.”

ನನ್ನನ್ನು ಉಳಿಸಲು ಹೇಳಿದ್ದಲ್ಲ ಅಕ್ಕ. ಅವಳಿಗೆ ಅದು ನಿಜ. ನನಗೂ ಆ ಗಳಿಗೆಯ ತನಕ ಅದೇ ನಿಜ. ಗಾಂಧಿಪುರಂನಲ್ಲಿ ನಾವು ಯಾರೂ ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ನಮಗೆ ಗೊತ್ತಿದ್ದ ಉತ್ತರ ಕೊಟ್ಟೆವು. ಅದರಿಂದ ಮಗುವಿಗೆ ಸರಿಯಾದ ಔಷಧಿ ಅಷ್ಟು ವಾರ ತಡವಾಯಿತು.

ನಾನು ಸುಳ್ಳು ಹೇಳಿದ್ದು ನಿನಗೆ ಮಾತ್ರ. ಬೇಸಿಗೆಯಿಂದಲೇ ಕೆಮ್ಮುತ್ತಿದ್ದೆ. ನಿನಗೆ ಕೇಳಿಸಿದರೆ ಕೆಲಸ ಬಿಡಿಸುತ್ತೀಯೆಂದು ಗೊತ್ತಿತ್ತು. ಎಷ್ಟು ವರ್ಷ ಖಾಲಿ ಕುಳಿತ ಮೇಲೆ ಸಿಕ್ಕಿದ ಕೆಲಸವೆಂದೂ ನಿನಗೆ ಗೊತ್ತು. ಫೋನ್ ಕೆಳಗಿಟ್ಟು ಪೆನ್ನು ಹಿಡಿದೆ.

ನನ್ನ ಕಫದಲ್ಲಿ ರೋಗಾಣು ಬೇಕಾದಷ್ಟು ಇದೆಯಂತೆ. ಮಾತ್ರೆ ಶುರುವಾಗಿದೆ, ಆರು ತಿಂಗಳು ಒಂದು ದಿನವೂ ತಪ್ಪಿಸುವಂತಿಲ್ಲ. ಆರೋಗ್ಯ ಕೇಂದ್ರದ ನರ್ಸ್ ತಮಿಳ್‌ಸೆಲ್ವಿ ಮನೆಗೆ ಬಂದು ಎಲ್ಲರನ್ನೂ ಪರೀಕ್ಷೆಗೆ ಕಳಿಸಿದರು. ಉಳಿದವರಿಗೆ ಕಾಯಿಲೆ ಇಲ್ಲ, ಬರದಿರಲೆಂದು ಮಾತ್ರೆ ಕೊಟ್ಟಿದ್ದಾರೆ. ಅಜ್ಜಿ ಅಷ್ಟರಲ್ಲಿ ನನ್ನ ತಟ್ಟೆ, ಲೋಟ, ಬೆಲ್ಲದ ಡಬ್ಬಿ ಎಲ್ಲವನ್ನೂ ಹೊರಗೆ ಎಸೆದಿದ್ದಳು. ತಟ್ಟೆಯಿಂದ ಬರುವುದಿಲ್ಲ ಅಮ್ಮಾ, ಬೆಲ್ಲದಿಂದಲೂ ಬರುವುದಿಲ್ಲ, ಇದು ಗಾಳಿಯಲ್ಲಿ ಬರುವುದು ಎಂದು ನರ್ಸ್ ಹೇಳಿದರು. ಅಜ್ಜಿ ನನ್ನ ರೂಮಿಗೆ ಹೋಗಿ ಕಿಟಕಿಯ ಗೋಣಿ ಕಿತ್ತುಹಾಕಿದಳು. ಬರಿಗೈಯಲ್ಲಿ, ಮೊಳೆ ಸಮೇತ.

ನನಗೆ ಯಾರಿಂದ ಬಂತೋ ಗೊತ್ತಿಲ್ಲ. ಮಿಲ್ಲಿನಲ್ಲಿ ಯಾರೋ ಒಬ್ಬ ನಕ್ಕು ‘ಪಂಜು’ ಅಂದಿರಬೇಕು.

ಸೆಂದಿಲ್ ನನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸ್ ಹಿಂದಿನ ಒಂದು ರೂಮಿನಲ್ಲಿ ಇಟ್ಟುಹೋದ.

ಧರಣಿ ಇನ್ನೂ ಕಣ್ಣು ಬಿಟ್ಟಿಲ್ಲ.

ಸೂರಜ್


ಅರಸೀಕೆರೆ
೧೧ ಡಿಸೆಂಬರ್ ೨೦೨೩

ಸೂರಿ,

ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಈಗ ಅದು ನನ್ನ ಕಡೆ ತಿರುಗಿದೆ. ಮಿಕ್ಸಿಯ ಸದ್ದು ಅಲ್ಲವೆಂದು ನನಗೆ ಅವತ್ತೇ ಗೊತ್ತಾಗಿತ್ತು. ಆದರೂ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಂಡೆ. ಅದು ಸುಲಭವಾಗಿತ್ತು. ಅಪ್ಪನ ಕೆಮ್ಮನ್ನು ಇನ್ನೊಂದು ಸಲ ಕೇಳಿಸಿಕೊಳ್ಳುವುದಕ್ಕಿಂತ ನಿನಗೊಂದು ಮದುವೆ ಮಾಡುವುದು ಸುಲಭವಾಗಿತ್ತು.

ಕಾಗದ ಕೆಮ್ಮುವುದಿಲ್ಲ ಎಂದು ನೀನು ಕಂಡುಕೊಂಡೆ. ನಗಿಸಿದರೆ ಅಕ್ಕ ಮುಂದಕ್ಕೆ ಕೇಳುವುದಿಲ್ಲವೆಂದೂ ಕಂಡುಕೊಂಡೆ. ಎರಡೂ ನಿಜವಾಯಿತು.

ಅಲ್ಲಿಗೆ ಬರಬೇಕೆಂದು ಬ್ಯಾಗು ಹಾಕಿಕೊಂಡು ನಿಂತೆ. ನಿನ್ನ ಭಾವ ಬಾಗಿಲಲ್ಲಿ ತಡೆದರು. ಎದುರಿಗೆ ಹೇಳಬೇಕೆಂದಿದ್ದ ವಿಷಯ ಅದೇ. ನನಗೆ ಏಳನೇ ತಿಂಗಳು. ಎರಡು ಸಲ ಕೈತಪ್ಪಿದ್ದರಿಂದ ಈ ಸಲ ಯಾರಿಗೂ ಹೇಳಿರಲಿಲ್ಲ. ಸೂಲು ಅಂದರೆ ಹೆರಿಗೆ ಎಂದು ಎಂ.ಎ. ಮಾಡಿದವನಿಗೆ ಹೊಳೆಯುತ್ತದೆ ಅಂದುಕೊಂಡು ಸೂಲೂರಿನ ಹೆಸರೆತ್ತಿದ್ದೆ. ನಿನಗೆ ಹೊಳೆಯಲಿಲ್ಲ. ಒಬ್ಬರ ಕಾಗದವನ್ನು ಒಬ್ಬರು ನಾವು ಎಷ್ಟು ಚೆನ್ನಾಗಿ ಓದಿದ್ದೇವೆ ನೋಡು.

ದಸರೆಗೆ ನೀನು ಬಂದಿದ್ದರೆ ಎಂದು ಯೋಚಿಸುತ್ತೇನೆ. ಬರದೇ ಇದ್ದದ್ದು ಒಳ್ಳೆಯದಾಯಿತು ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ, ಆಸ್ಪತ್ರೆಯಲ್ಲಿರುವ ಆ ಮಗು ನೆನಪಾಗಿ, ಊಟ ಸೇರುವುದಿಲ್ಲ.

ಫೋನ್ ಮಾಡು. ಕೆಮ್ಮಿದರೂ ಮಾಡು. ಕೆಮ್ಮುತ್ತಲೇ ಮಾಡು.

ಅಕ್ಕ


ಪೋತ್ತನೂರು
೨೧ ಏಪ್ರಿಲ್ ೨೦೨೪

ಅಕ್ಕ,

ಈಗ ದಿನವೂ ಫೋನಿನಲ್ಲಿ ಮಾತಾಡುತ್ತೇವೆ. ನಿನ್ನ ಮಗನ ಅಳುವನ್ನೂ ಕೇಳುತ್ತೇನೆ, ಗಂಟಲು ಗಟ್ಟಿಯಾಗಿದೆ. ಆದರೂ ಇದೊಂದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಧರಣಿ ಮನೆಗೆ ಬಂದಳೆಂದು ಹೇಳಿದ್ದೆ. ನಡೆಯುತ್ತಾಳೆ, ಒಂದು ಕಾಲು ಸ್ವಲ್ಪ ಎಳೆಯುತ್ತದೆ ಎಂದೂ ಹೇಳಿದ್ದೆ. ಉಳಿದದ್ದನ್ನು ಹೇಳಿರಲಿಲ್ಲ.

ಮೊನ್ನೆ ಮುತ್ತಮ್ಮಾಳ್ ಅಜ್ಜಿ ಯಾರದೋ ಕೈಯಲ್ಲಿ ಬಂದುಹೋಗು ಎಂದು ಹೇಳಿಕಳಿಸಿದಳು. ನನ್ನ ಕಫ ಪರೀಕ್ಷೆ ಎರಡು ಸಲ ಚೊಕ್ಕಟ ಬಂದಿದೆ, ಈಗ ನನ್ನಿಂದ ಯಾರಿಗೂ ಹರಡುವುದಿಲ್ಲ. ಅದನ್ನು ಅವಳು ನರ್ಸ್ ತಮಿಳ್‌ಸೆಲ್ವಿಯ ಹತ್ತಿರ ವಿಚಾರಿಸಿಯೇ ಕರೆಸಿದ್ದಳು. ಬೀದಿಯಲ್ಲಿ ಹೋಗುವಾಗ ಗೊತ್ತಾಯಿತು, ಅಜ್ಜಿ ಈಗ ಮಿಲ್ಲಿಗೆ ಹೋಗುವವರ ಮನೆಮನೆಗೆ ನುಗ್ಗುತ್ತಾಳಂತೆ. ಕೆಮ್ಮು ಇದೆಯಾ ಎಂದು ಅವಳು ಕೇಳುವುದಿಲ್ಲ. ಪಂಜು ಇದೆಯಾ ಎಂದು ಕೇಳುತ್ತಾಳೆ. ಹೌದು ಅಂದವರ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಎಳೆದೊಯ್ಯುತ್ತಾಳೆ. ಬಹಳ ಮಂದಿಗೆ ಬರೀ ಪಂಜೇ. ಇಬ್ಬರಿಗೆ ಅಲ್ಲ. ಮಿಲ್ಲಿನ ಕಿಟಕಿಗಳು ಈಗಲೂ ಮುಚ್ಚಿಯೇ ಇವೆ. ಗೇಟಿನಲ್ಲಿ ಬೆಲ್ಲವನ್ನೂ ಕೊಡುತ್ತಾರಂತೆ.

ಅಜ್ಜಿ ನನ್ನನ್ನು ಜಗುಲಿಯಲ್ಲಿ ಕೂರಿಸಿದಳು. ಸತ್ಯಾ ಒಳಗೇ ಇದ್ದಳು, ಪಾತ್ರೆಯ ಸದ್ದು ಕೇಳುತ್ತಿತ್ತು, ಹೊರಗೆ ಬರಲಿಲ್ಲ. ಬರಲೆಂದು ನಾನು ಬಯಸಲೂ ಇಲ್ಲ. ಧರಣಿ ಬಾಗಿಲ ಬಳಿ ನನಗೆ ಬೆನ್ನು ಮಾಡಿಕೊಂಡು ನೆಲದ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚುತ್ತಿದ್ದಳು. ‘ಧರಣಿ’ ಎಂದು ಕರೆದೆ. ತಿರುಗಲಿಲ್ಲ. ಮುನಿಸು ಎಂದುಕೊಂಡು ಇನ್ನೂ ಗಟ್ಟಿಯಾಗಿ ಕರೆದೆ. ಅಜ್ಜಿ ನನ್ನ ಮೊಣಕೈ ಹಿಡಿದಳು.

“ಕೂಗಬೇಡ ಸಾಮಿ. ಕಿವಿ ಹೋಯ್ತು ಅವಳಿಗೆ. ಎರಡೂ.”

ಶೆಡ್ಡಿನಲ್ಲಿ ಸೆಂದಿಲ್‌ನ ಲೂಮುಗಳು ಹೊಡೆದುಕೊಳ್ಳುತ್ತಿದ್ದವು. ಅಷ್ಟು ಸದ್ದಿನ ಪಕ್ಕದಲ್ಲಿ ಆ ಮಗು ಸುಮ್ಮನೆ ಕುಳಿತು ಬರೆಯುತ್ತಿತ್ತು. ಎದ್ದು ಹೋಗಿ ನೋಡಿದೆ. ನಾನು ಕಲಿಸಿದ ಅ, ಆ. ಆಕಾರ ನೆನಪಿದೆ. ಅದರ ಸದ್ದು ಅವಳ ನೆನಪಿನಲ್ಲಿ ಇನ್ನು ಎಷ್ಟು ದಿನ ಉಳಿಯುತ್ತದೋ.

ನನ್ನ ನೆರಳು ಬಿದ್ದು ಅವಳು ತಲೆಯೆತ್ತಿದಳು. ಗುರುತು ಹಿಡಿದಳು, ನಕ್ಕಳು. ಮಾತಾಡಲು ಹೋದೆ. ಗಂಟಲು ಕಟ್ಟಿತು. ಕಾಯಿಲೆಯಿಂದಲ್ಲ. ಆದರೆ ಭುಜ ಅಲುಗಾಡಿತು, ಕೈ ಬಾಯಿಗೆ ಹೋಯಿತು. ಅವಳಿಗೆ ಅಷ್ಟು ಕಂಡರೆ ಸಾಕು. ಸೀಮೆಸುಣ್ಣ ಬಿಸಾಕಿ ಎದ್ದು, ಆ ಕಾಲನ್ನು ಎಳೆಯುತ್ತ ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಡಬ್ಬಿಯ ಮುಚ್ಚಳ ತೆರೆದ ಸದ್ದು. ಅವರ ಅಡುಗೆಮನೆಯ ಬೆಲ್ಲದ ಡಬ್ಬಿ ಅವಳ ಕೈಗೆ ಎಟುಕದ ಎತ್ತರದಲ್ಲಿ ಇರುವುದು, ಅಕ್ಕ. ಸತ್ಯಾಳೇ ತೆಗೆದುಕೊಟ್ಟಿರಬೇಕು.

ಧರಣಿ ಬಂದು ನನ್ನ ಮುಂದೆ ನಿಂತು ಬಾಯಿ ತೆರೆ ಎಂದು ತನ್ನ ಬಾಯಿ ತೆರೆದು ತೋರಿಸಿದಳು. ‘ಮಾಮಾ, ಪಂಜು’ ಅನ್ನಲಿಲ್ಲ.

ಬಾಯಿ ತೆರೆದೆ.

ಸೂರಜ್